ಕೈ ಬೀಸಿ ಆಡುವ ಆಟಗಳು: ವೀ, ಕಿನೆಕ್ಟ್, ಗೈರೋ – ನಮ್ಮ ಕಡೆಯ ಕೋಣೆಗಳಲ್ಲಿ ಯಾವುದು ನಡೀತದೆ?

ಅಘನಾಶಿನಿ (ಕುಮಟಾ)

ನಮ್ಮೂರ ಯುವಕ ಸಂಘಕ್ಕೆ ಎರಡು ಹಳೆ ಸೆಟ್ ಬಂದಿವೆ. ಒಂದು ನಿಂಟೆಂಡೋ ವೀ, ಟಿವಿಗೆ ಜೋಡಿಸಿ ರಿಮೋಟ್ ಬೀಸಿ ಆಡೋ ಯಂತ್ರ: ಎರಡು ರಿಮೋಟ್, ಮೇಲೆ ನಿಂತು ಆಡೋ ಒಂದು ಬ್ಯಾಲೆನ್ಸ್ ಬೋರ್ಡ್, ಸೆನ್ಸರ್ ಬಾರಿನ ವಯರ್ ಇಲಿ ಕಡಿದಿದೆ. ಇನ್ನೊಂದು ಎಕ್ಸ್‌ಬಾಕ್ಸ್ 360, ಜೊತೆಗೆ ಕಿನೆಕ್ಟ್ (ಮೈಯ ಚಲನೆ ನೋಡೋ ಕ್ಯಾಮರಾ). ಸಂಘದ ಕೋಣೆ 12 ಅಡಿ ಉದ್ದ, 10 ಅಡಿ ಅಗಲ. ಚಿರೆಕಲ್ಲಿನ ಗೋಡೆ, ಹಂಚಿನ ಮಾಡು, ಮಾಡಿನಲ್ಲಿ ಎರಡು ಗಾಜಿನ ಹಂಚು, ಕೆಂಪು ಗಾರೆ ನೆಲ. 32 ಇಂಚಿನ ಟಿವಿ ಇದೆ.

ಮಳೆಗಾಲದಲ್ಲಿ ಮಕ್ಕಳಿಗೆ ಹೊರಗೆ ಆಡಲಿಕ್ಕೆ ಆಗೂದಿಲ್ಲ, ಅದಕ್ಕೇ ಈ ಯೋಚನೆ. 8ರಿಂದ 14 ವರ್ಷದವರು ಹೆಚ್ಚು, ಸಂಜೆ ಕೆಲವು ಹಿರಿಯರೂ ಬರ್ತಾರೆ. ಇದಕ್ಕೆ ದುಡ್ಡು ಹಾಕಬಹುದಾ, ಅಥವಾ ಸಾದಾ ಗೇಮ್‌ಪ್ಯಾಡ್ ತಗೊಳ್ಳೂದೇ ಒಳ್ಳೇದಾ? ಬಲ್ಲವರು ಹೇಳಿ.

ಬೈತಖೋಲ್ (ಕಾರವಾರ)

ಮೊದಲು ಇಲಿ ಕಡಿದದ್ದರ ವಿಷಯ. ಸೆನ್ಸರ್ ಬಾರ್ ಎಂದು ಕರೆದರೂ ಅದು ಏನನ್ನೂ ಗ್ರಹಿಸುವುದಿಲ್ಲ. ಎರಡು ತುದಿಯಲ್ಲಿ ಐದೈದು ಇನ್‌ಫ್ರಾರೆಡ್ ಎಲ್‌ಇಡಿ, ನಡುವೆ ಸುಮಾರು 20 ಸೆಂ.ಮೀ ಅಂತರ, ಅಷ್ಟೇ. ಕ್ಯಾಮರಾ ಇರುವುದು ರಿಮೋಟಿನ ಮೂತಿಯಲ್ಲಿ. ಅದು ಆ ಎರಡು ಬೆಳಕಿನ ಚುಕ್ಕೆ ನೋಡಿ, ಅವುಗಳ ಅಂತರ ಮತ್ತು ಓರೆಯಿಂದ ನೀವು ಎಲ್ಲಿಗೆ ತೋರಿಸುತ್ತಿದ್ದೀರಿ ಎಂದು ಲೆಕ್ಕ ಹಾಕುತ್ತದೆ. ಹಾಗಾಗಿ ಬಾರ್ ಮನೆಯಲ್ಲೇ ಮಾಡಬಹುದು:

940 ನ್ಯಾನೊಮೀಟರಿನ 5 ಮಿ.ಮೀ ಐಆರ್ ಎಲ್‌ಇಡಿ ಆರು ಬೇಕು. ಒಂದೊಂದು ತುದಿಗೆ ಮೂರನ್ನು ಸರಣಿಯಲ್ಲಿ ಜೋಡಿಸಿ. ಒಂದು ಎಲ್‌ಇಡಿಗೆ ಸುಮಾರು 1.3 ವೋಲ್ಟ್, ಮೂರಕ್ಕೆ 3.9. ಯುಎಸ್‌ಬಿಯ 5 ವೋಲ್ಟಿನಲ್ಲಿ ಉಳಿಯುವ 1.1 ವೋಲ್ಟನ್ನು 20 ಮಿಲಿಆಂಪಿಗೆ ಭಾಗಿಸಿದರೆ 55. ಅಂಗಡಿಯಲ್ಲಿ ಸಿಗುವುದು 56 ಓಮ್, ಅದನ್ನೇ ಹಾಕಿ. ತುದಿಗೆ ಒಂದರಂತೆ ಎರಡು ರೆಸಿಸ್ಟರ್. ಪ್ಲಾಸ್ಟಿಕ್ ವಯರಿಂಗ್ ಪಟ್ಟಿಯ ಒಂದು ತುಂಡಿನಲ್ಲಿ 20 ಸೆಂ.ಮೀ ಅಂತರಕ್ಕೆ ತೂತು ಕೊರೆದು ಕೂಡಿಸಿದರೆ ಮುಗಿಯಿತು.

ಎಡವುವುದು ಎರಡು ಕಡೆ. ಅಗ್ಗದ ಐಆರ್ ಎಲ್‌ಇಡಿಯ ಬೆಳಕು ಬಹಳ ಕಿರಿದಾದ ಕೋನದಲ್ಲಿ ಬೀಳುತ್ತದೆ. ಮೂರನ್ನೂ ನೇರವಾಗಿಟ್ಟರೆ ಬದಿಯಲ್ಲಿ ನಿಂತ ಹುಡುಗನ ಕರ್ಸರ್ ಮಾಯ. ಒಂದನ್ನು ನೇರ, ಉಳಿದೆರಡನ್ನು 15–20 ಡಿಗ್ರಿ ಎಡಬಲಕ್ಕೆ ತಿರುಗಿಸಿ. ಎರಡನೆಯದು, ಪವರ್ ಬ್ಯಾಂಕಿಗೆ ಸಿಕ್ಕಿಸಬೇಡಿ. ಈ ಬಾರ್ ಎಳೆಯುವುದು ಒಟ್ಟು 40 ಮಿಲಿಆಂಪ್. ಇಷ್ಟು ಕಡಿಮೆ ಹೊರೆಗೆ ಎಷ್ಟೋ ಪವರ್ ಬ್ಯಾಂಕ್ ತಾವಾಗಿಯೇ ಆಫ್ ಆಗುತ್ತವೆ. ಟಿವಿಯ ಯುಎಸ್‌ಬಿ ತೂತು ಸಾಕು.

ಉರಿಯುತ್ತಿದೆಯೋ ಇಲ್ಲವೋ ಎಂದು ಕಣ್ಣಿಗೆ ಕಾಣದು. ಮೊಬೈಲಿನ ಮುಂದಿನ ಕ್ಯಾಮರಾದಲ್ಲಿ ನೋಡಿ, ನೇರಳೆ ಚುಕ್ಕೆ ಕಾಣುತ್ತದೆ. ಹಿಂದಿನ ಕ್ಯಾಮರಾದಲ್ಲಿ ಸಾಮಾನ್ಯವಾಗಿ ಐಆರ್ ಫಿಲ್ಟರ್ ಗಟ್ಟಿ, ಅದರಲ್ಲಿ ಕಾಣದಿದ್ದರೆ ಹಾಳಾಗಿದೆ ಎಂದುಕೊಳ್ಳಬೇಡಿ.

ಸೋಂದೆ_ಸೋಲ್ಡರ್ (ಶಿರಸಿ)

ಬಾರ್ ಮಾಡುವಷ್ಟು ದಿವಸ ತಡೀಲಿಕ್ಕೆ ಆಗದಿದ್ರೆ ಎರಡು ಮೇಣದ ಬತ್ತಿ ಟಿವಿ ಮುಂದೆ 20 ಸೆಂ.ಮೀ ಬಿಟ್ಟು ಇಟ್ರೂ ನಡೀತದೆ ಮಾರಾಯ್ರೆ, ಜ್ವಾಲೆಯಲ್ಲಿ ಇನ್‌ಫ್ರಾರೆಡ್ ಬೇಕಾದಷ್ಟಿದೆ. ಮಕ್ಕಳಿರೋ ಕೋಣೇಲಿ ಬೇಡ, ಬರೇ ರಿಮೋಟ್ ಸರಿ ಇದೆಯಾ ನೋಡಲಿಕ್ಕೆ ಮಾತ್ರ. ಇದರ ಉಲ್ಟಾನೂ ನಿಜ: ಕೋಣೆಯಲ್ಲಿ ದೇವರ ಫೋಟೋ ಮುಂದೆ ದೀಪ ಉರೀತಿದ್ರೆ, ಅದು ಟಿವಿ ಪಕ್ಕದಲ್ಲೇ ಇದ್ರೆ, ಕರ್ಸರ್ ಆ ಕಡೆ ಹಾರ್ತದೆ. ರಿಮೋಟಿನ ಕ್ಯಾಮರಾ ಹೆಚ್ಚೆಂದ್ರೆ ನಾಲ್ಕು ಚುಕ್ಕೆ ಹಿಡಿಯೂದು. ಯಾವುದು ಎಲ್‌ಇಡಿ, ಯಾವುದು ನಂದಾದೀಪ ಅಂತ ಅದಕ್ಕೆ ತಿಳಿಯೂದಿಲ್ಲ.

ಗಾಜಿನ ಹಂಚು ಅಂದ್ರಲ್ಲ, ಅದೇ ದೊಡ್ಡ ತಲೆನೋವು. ಬಿಸಿಲು ಕೋಲು ಬಿದ್ದು ಗಾರೆ ನೆಲದ ಮೇಲೆ ಹೊಳೆದ್ರೆ ಅಥವಾ ಟಿವಿ ಗಾಜಿನಲ್ಲಿ ಪ್ರತಿಫಲಿಸಿದ್ರೆ ವೀ ರಿಮೋಟಿಗೆ ಅದು ಮತ್ತೊಂದು ದೀಪ. ಕಿನೆಕ್ಟಿನ ಕಥೆ ಇನ್ನೂ ಕಷ್ಟ. ಅದು 830 ನ್ಯಾನೊಮೀಟರಿನ ಲೇಸರಿನಿಂದ ಸಾವಿರಾರು ಚುಕ್ಕೆ ಚೆಲ್ಲಿ, ಆ ಚುಕ್ಕೆಗಳು ಎಷ್ಟು ಸರಿದಿವೆ ಅನ್ನೂದರಿಂದ ದೂರ ಅಳೀತದೆ. ಬಿಸಿಲು ಬಿದ್ದ ಜಾಗದಲ್ಲಿ ಚುಕ್ಕೆ ಮುಳುಗಿಹೋಗ್ತದೆ, ಆಳದ ಚಿತ್ರದಲ್ಲಿ ಅಲ್ಲಿ ಕಪ್ಪು ತೂತು. ನುಣುಪಾದ ಗಾರೆ ನೆಲವೂ ಚುಕ್ಕೆಯನ್ನು ಬೇರೆಲ್ಲಿಗೋ ಹಾರಿಸ್ತದೆ, ಪಾದದ ಜಾಡು ತಪ್ಪೂದು ಅದಕ್ಕೇ. ಹಂಚಿಗೆ ಒಳಗಿಂದ ರಟ್ಟು, ನಿಲ್ಲುವ ಜಾಗಕ್ಕೆ ಮಂದಲಿಗೆ. ಮಂದಲಿಗೆ ಜಾರದ ಹಾಗೆ ನಾಲ್ಕೂ ಮೂಲೆಗೆ ಟೇಪ್ ಹಾಕಿ.

ಅಘನಾಶಿನಿ (ಕುಮಟಾ)

ರಟ್ಟು ಹಾಕ್ತೇವೆ. ಕಿನೆಕ್ಟಿಗೆ 10×12 ಸಾಲ್ತದಾ? ಇಬ್ಬರು ಆಡಬಹುದಾ?

ಬೈತಖೋಲ್ (ಕಾರವಾರ)

ಲೆಕ್ಕ ಹಾಕೋಣ. ಮೊದಲ ಕಿನೆಕ್ಟಿನ ನೋಟ ಅಡ್ಡಕ್ಕೆ 57 ಡಿಗ್ರಿ, ಮೇಲೆ-ಕೆಳಗೆ 43 ಡಿಗ್ರಿ. 6 ಅಡಿ (1.8 ಮೀ) ದೂರದಲ್ಲಿ ಅದಕ್ಕೆ ಕಾಣುವುದು ಸುಮಾರು 2 ಮೀ ಅಗಲ, 1.4 ಮೀ ಎತ್ತರ. ಹತ್ತು ವರ್ಷದ ಹುಡುಗಿ ಹೇಗೋ ಹಿಡಿಯುತ್ತಾಳೆ. ಅವಳ ಅಪ್ಪ ನಿಂತರೆ ಒಂದೋ ತಲೆ ಇಲ್ಲ, ಒಂದೋ ಪಾದ ಇಲ್ಲ. 8 ಅಡಿಗೆ (2.4 ಮೀ) ಸರಿದರೆ 2.6 ಮೀ ಅಗಲ, 1.9 ಮೀ ಎತ್ತರ, ಇಬ್ಬರು ನಿಲ್ಲಬಹುದು. ನಿಮ್ಮ ಕೋಣೆಯ ಉದ್ದ 12 ಅಡಿ. ಟಿವಿ ಮೇಜಿಗೆ ಒಂದೂವರೆ ಅಡಿ ಹೋದರೂ ಹತ್ತೂವರೆ ಉಳಿಯುತ್ತದೆ. ಟಿವಿಯನ್ನು ಗಿಡ್ಡ ಗೋಡೆಗೆ ಹಾಕಿ, ಉದ್ದಕ್ಕೆ ನಿಲ್ಲಿ. ಉದ್ದದ ಗೋಡೆಗೆ ಹಾಕಿದರೆ ಆಟ ಅಲ್ಲಿಗೇ ಮುಗಿಯಿತು.

ಸೆನ್ಸರನ್ನು ನೆಲದಿಂದ 2ರಿಂದ 6 ಅಡಿ ಎತ್ತರದೊಳಗೆ, ಮೇಜಿನ ಅಂಚಿಗೇ ಇಡಿ. ಹಿಂದೆ ಸರಿಸಿಟ್ಟರೆ ಮೇಜೇ ಪಾದವನ್ನು ಮರೆಮಾಡುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಹಗ್ಗ ಅದೇ ಕೋಣೆಯಲ್ಲಿದ್ದರೆ ತೆಗೆಯಿರಿ. ಹ್ಯಾಂಗರಿನ ಅಂಗಿಯನ್ನೂ ಕೆಲವೊಮ್ಮೆ ಆಟಗಾರ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ನಿಮ್ಮದು ಹಳೆಯ ದಪ್ಪ 360 ಆಗಿದ್ದರೆ ಕಿನೆಕ್ಟಿಗೆ ಬೇರೆ 12 ವೋಲ್ಟಿನ ಅಡಾಪ್ಟರ್ ಬೇಕು. ಸ್ಲಿಮ್ ಮಾದರಿಯಲ್ಲಿ ಹಿಂದೆ ಅದಕ್ಕೆಂದೇ ಪೋರ್ಟ್ ಇದೆ. ಅಡಾಪ್ಟರ್ ಇಲ್ಲದೆ ಕೊಟ್ಟಿದ್ದಾರೋ ನೋಡಿ. ಕಿನೆಕ್ಟ್ ತಯಾರಿಕೆ 2017ರಲ್ಲೇ ನಿಂತಿದೆ, ಈಗ ಬಿಡಿಭಾಗ ಹುಡುಕುವುದೇ ಕೆಲಸ.

ಫ್ಯಾನಿನ ಎತ್ತರವನ್ನೂ ಅಳೆಯಿರಿ. ಹಂಚಿನ ಮಾಡಿನ ಕೋಣೆಯಲ್ಲಿ ತೊಲೆಗೆ ತೂಗುಹಾಕಿದ ಫ್ಯಾನ್ ಹೆಚ್ಚಾಗಿ ಕೆಳಗೇ ಇರುತ್ತದೆ. ರಿಮೋಟ್ ಹಿಡಿದ ಕೈಯನ್ನು ನೆಟ್ಟಗೆ ಮೇಲೆತ್ತಿದಾಗ ರೆಕ್ಕೆಗೂ ಅದಕ್ಕೂ ಒಂದೂವರೆ ಅಡಿ ಅಂತರ ಬೇಕು.

ಗೈರೋ_ಭಾವ (ಶಿರಸಿ)

ಇಷ್ಟೆಲ್ಲ ಮಾಡಿ ಕಡೆಗೆ ಸಿಗೂದೇನು? ಕಿನೆಕ್ಟ್ ಸೆಕೆಂಡಿಗೆ 30 ಫ್ರೇಮ್. ಅಂದ್ರೆ ಚಿತ್ರ ತೆಗೆಯೂದಕ್ಕೇ 33 ಮಿಲಿಸೆಕೆಂಡ್, ಮೇಲೆ ಅಸ್ಥಿಪಂಜರ (ಮೈಯ ಸಂಧಿಗಳು ಎಲ್ಲೆಲ್ಲಿವೆ ಅಂತ) ಹುಡುಕುವ ಲೆಕ್ಕ, ಮೇಲೆ ಆಟದ್ದು, ಮೇಲೆ ಟಿವಿಯದ್ದು. ನೀವು ಕೈ ಬೀಸಿ ಇಳಿಸಿದ ಮೇಲೆ ಪರದೆಯ ಗೊಂಬೆ ಬೀಸ್ತದೆ. ಗುಂಡಿ ಒತ್ತಿದ್ರೆ ಈ ಪಜೀತಿಯೇ ಇಲ್ಲ.

ನನ್ನ ಕೇಳಿದ್ರೆ ಮೋಷನ್ ಅನ್ನೋದು ಗೆದ್ದದ್ದು ಒಂದೇ ಕಡೆ, ಗೈರೋ (ತಿರುಗೂದನ್ನು ಅಳೆಯೋ ಸೆನ್ಸರ್) ಬಳಸಿ ಗುರಿ ಹಿಡಿಯೂದರಲ್ಲಿ. ಸ್ಟಿಕ್ಕಿನಿಂದ ದೊಡ್ಡ ತಿರುವು, ಕಡೆಯ ನಾಲ್ಕೈದು ಡಿಗ್ರಿಗೆ ಮಣಿಕಟ್ಟು. 2015ರ ನಿಂಟೆಂಡೋ ಆಟ ಸ್ಪ್ಲಟೂನ್ ಅದನ್ನೇ ಮಾಡಿದ್ದು. ಮೊಬೈಲಲ್ಲಿ ಬಿಜಿಎಂಐ ಅನ್ನೋ ಗುಂಡು ಹಾರಿಸೋ ಆಟ ಆಡೋ ಹುಡುಗರು ಸ್ಕೋಪ್ ತೆಗೆದಾಗ ಫೋನನ್ನು ಕೂದಲೆಳೆಯಷ್ಟು ಬಗ್ಗಿಸಿ ಸ್ಪ್ರೇ (ಒಂದೇ ಸಮ ಗುಂಡು ಹಾರಿಸುವಾಗ ಗುರಿ ಚೆದುರೂದು) ತಡೀತಾರಲ್ಲ, ಅದೂ ಇದೇ. ಯಾರಿಗೂ ಅದು ಮೋಷನ್ ಕಂಟ್ರೋಲ್ ಅಂತ ಅನ್ನಿಸೂದೂ ಇಲ್ಲ.

ಸೋಂದೆ_ಸೋಲ್ಡರ್ (ಶಿರಸಿ)

ಭಾವ, ಟಿವಿಯ ತಡವನ್ನು ಕಿನೆಕ್ಟಿನ ತಲೆಗೆ ಕಟ್ಟಬೇಡ. ಟಿವಿ ಮೆನುವಿನಲ್ಲಿ ಗೇಮ್ ಮೋಡ್ ಹಾಕಿದ್ರೆ ಅದರ ಬಹುಪಾಲು ಕಳೀತದೆ. ಗೇಮ್ ಮೋಡ್ ಇಲ್ಲದ ಹಳೆ ಟಿವಿಯಲ್ಲಿ ಚಿತ್ರ ನುಣುಪು ಮಾಡೋ ಆಯ್ಕೆಗಳನ್ನೆಲ್ಲ ಆಫ್ ಮಾಡ್ಬೇಕು.

ಆದ್ರೆ ಮೂಲ ತೊಂದರೆ ತಡ ಒಂದೇ ಅಲ್ಲ. 2006ರ ವೀ ರಿಮೋಟಿನಲ್ಲಿ ಇದ್ದದ್ದು ಎಡಿಎಕ್ಸ್‌ಎಲ್330 ಅನ್ನೋ ವೇಗೋತ್ಕರ್ಷ ಮಾಪಕ (ವೇಗ ಎಷ್ಟು ಬೇಗ ಬದಲಾಗ್ತದೆ ಅಂತ ಅಳೆಯೂದು), ಅಳತೆ ±3 ಜಿ (1 ಜಿ ಅಂದ್ರೆ ಭೂಮಿಯ ಗುರುತ್ವದಷ್ಟು). ಅರ್ಧ ಮೀಟರ್ ಕೈಯನ್ನು ಸೆಕೆಂಡಿಗೆ 570 ಡಿಗ್ರಿ ವೇಗದಲ್ಲಿ ಬೀಸಿದ್ರೆ ಆಗಲೇ 5 ಜಿ. ಅಂದ್ರೆ ಜೋರಾಗಿ ಬೀಸಿದ ಕ್ಷಣದಲ್ಲೇ ಮಾಪಕ ಮಿತಿಗೆ ತಾಗಿ ನಿಂತಿರ್ತದೆ. ಎಷ್ಟು ಜೋರು ಅಂತ ಅದು ಹೇಳ್ಲಿಕ್ಕೇ ಸಾಧ್ಯ ಇಲ್ಲ.

ಇನ್ನು ಕೈ ಎಲ್ಲಿದೆ ಅನ್ನೂದು. ವೇಗೋತ್ಕರ್ಷದಿಂದ ಸ್ಥಾನ ತೆಗೀಬೇಕಂದ್ರೆ ಎರಡು ಸಲ ಸಂಕಲನ (ಕ್ಷಣಕ್ಷಣದ ಅಳತೆ ಕೂಡಿಸ್ತಾ ಹೋಗೂದು) ಮಾಡ್ಬೇಕು. ಮಾಪಕದಲ್ಲಿ 0.01 ಜಿ ತಪ್ಪು ಇದೆ ಅನ್ನಿ, ಅದು ಏನೇನೂ ಅಲ್ಲ. ಒಂದು ಸೆಕೆಂಡಿಗೆ 5 ಸೆಂ.ಮೀ ತಪ್ಪು, ಹತ್ತು ಸೆಕೆಂಡಿಗೆ 5 ಮೀಟರ್. ಕೈ ಗೋಡೆ ದಾಟಿ ಪಕ್ಕದ ಮನೆ ಅಂಗಳಕ್ಕೆ ಹೋಗಿರ್ತದೆ! ಹಾಗಾಗಿ ವೀ ಆಟಗಳು ಸ್ಥಾನ ನೋಡೂದೇ ಬಿಟ್ಟು, "ಬೀಸಿದನಾ? ಯಾವಾಗ? ಯಾವ ದಿಕ್ಕಿಗೆ?" ಅಂತ ಮಾತ್ರ ಕೇಳ್ತವೆ. ಟೆನಿಸ್ಸಿನಲ್ಲಿ ಓಡೂದು ಆಟವೇ ಮಾಡ್ತದೆ, ನಮ್ಮ ಪಾಲಿಗೆ ಹೊಡೆಯುವ ಹೊತ್ತು ಒಂದೇ. ಕುರ್ಚಿಯಲ್ಲಿ ಕೂತು ಮಣಿಕಟ್ಟು ಕೊಡವಿದ್ರೂ ಸರ್ವಿಸ್ ಆಗ್ತದೆ ಅಂತ ಮಕ್ಕಳು ಅರ್ಧ ಗಂಟೆಯಲ್ಲಿ ಕಂಡುಹಿಡೀತಾರೆ. ನಿಮ್ಮ ಸಂಘದಲ್ಲೂ ಅದೇ ಆಗೂದು, ನೋಡಿ.

2009ರಲ್ಲಿ ವೀ ರಿಮೋಟಿಗೆ ಸಿಕ್ಕಿಸೋ ಮೋಷನ್‌ಪ್ಲಸ್ ಬಂದು ಗೈರೋ ಸೇರಿತು. ಗೈರೋ ತಿರುಗುವ ವೇಗ ಅಳೀತದೆ, ಕೋನಕ್ಕೆ ಒಂದೇ ಸಂಕಲನ ಸಾಕು. ಆದ್ರೂ ಸೆಕೆಂಡಿಗೆ ಅರ್ಧ ಡಿಗ್ರಿ ಜಾರಿದ್ರೆ ನಿಮಿಷಕ್ಕೆ 30 ಡಿಗ್ರಿ. ಮೇಲೆ-ಕೆಳಗೆ ವಾಲೂದನ್ನು ಗುರುತ್ವ ನೋಡಿ ತಿದ್ದಬಹುದು. ಎಡ-ಬಲ ತಿರುಗೂದಕ್ಕೆ ಗುರುತ್ವದ ಸಾಕ್ಷಿ ಇಲ್ಲ. ದಿಕ್ಸೂಚಿಯೋ ಬೆಳಕಿನ ಗುರುತೋ ಬೇಕು. ಸೋನಿಯ ಮೂವ್ ಅನ್ನೋ ರಿಮೋಟ್ 2010ರಲ್ಲಿ ದಿಕ್ಸೂಚಿ ಹಾಕಿ, ತುದಿಗೆ ಹೊಳೆಯುವ ಚೆಂಡೂ ಕೂರಿಸಿತು: ಕ್ಯಾಮರಾದಲ್ಲಿ ಚೆಂಡು ಎಷ್ಟು ದೊಡ್ಡದಾಗಿ ಕಾಣ್ತದೋ ಅದರಿಂದ ದೂರ. ನಿಖರತೆಯಲ್ಲಿ ಅದೇ ಆ ಕಾಲದ ಎಲ್ಲಕ್ಕಿಂತ ಮೇಲು ಅಂತ ನನ್ನ ಲೆಕ್ಕ.

ಬೈತಖೋಲ್ (ಕಾರವಾರ)

ಒಂದನ್ನು ಸೇರಿಸುತ್ತೇನೆ. ಎಷ್ಟೇ ನಿಖರವಾಗಿ ಅಳೆದರೂ ತಿರುಗಿ ತಳ್ಳುವವರಿಲ್ಲ. ಆಟದಲ್ಲಿ ಕತ್ತಿ ಎದುರಾಳಿಯ ಗುರಾಣಿಗೆ ತಾಗಿ ನಿಂತಿತು. ನಿಮ್ಮ ಕೈ ನಿಲ್ಲಲಿಲ್ಲ, ಮುಂದೆ ಹೋಯಿತು. ಆ ಕ್ಷಣದಿಂದ ಕೈ ಒಂದು ಕಡೆ, ಕತ್ತಿ ಒಂದು ಕಡೆ. 2011ರ ಝೆಲ್ಡಾ: ಸ್ಕೈವರ್ಡ್ ಸ್ವೋರ್ಡ್ ಮೋಷನ್‌ಪ್ಲಸ್ ಇಲ್ಲದೆ ನಡೆಯುತ್ತಲೇ ಇರಲಿಲ್ಲ. ಅದೇ ಆಟ 2021ರಲ್ಲಿ ನಿಂಟೆಂಡೋದ ಸ್ವಿಚ್‌ಗೆ ಬಂದಾಗ ಬಲಗಡೆಯ ಸ್ಟಿಕ್ಕಿನಿಂದಲೂ ಕತ್ತಿ ಬೀಸುವ ಆಯ್ಕೆ ಕೊಟ್ಟರು. ಇದಕ್ಕಿಂತ ದೊಡ್ಡ ಒಪ್ಪಿಗೆ ಬೇಕೇ?

ಆದರೆ ಭಾವ ಹೇಳಿದ "ಗೆದ್ದದ್ದು ಒಂದೇ ಕಡೆ" ಎಂಬ ಮಾತಿಗೆ ನನ್ನ ತಕರಾರಿದೆ. ವೀ ಹತ್ತು ಕೋಟಿಗೂ ಮೀರಿ ಮಾರಾಟವಾದದ್ದು ನಿಖರತೆಯಿಂದಲ್ಲ. ಹದಿನಾರು ಗುಂಡಿಯ ಪ್ಯಾಡನ್ನು ಅಜ್ಜಿಯ ಕೈಗೆ ಕೊಟ್ಟು ನೋಡಿ. ಬೌಲಿಂಗಿನ ರಿಮೋಟ್ ಕೊಟ್ಟು ನೋಡಿ. ಬೌಲಿಂಗಿನಲ್ಲಿ ಎದುರಿಂದ ತಡೆಯುವ ವಸ್ತುವಿಲ್ಲ, ತಡ ಗೊತ್ತಾಗುವುದಿಲ್ಲ, ಚೆಂಡು ಬಿಟ್ಟ ಮೇಲೆ ಕೈಗೆ ಕೆಲಸವೇ ಇಲ್ಲ. ತಂತ್ರಜ್ಞಾನದ ಮೂರೂ ಕೊರತೆ ಅಲ್ಲಿ ಅಡಗಿಹೋಗುತ್ತವೆ. ಆಟ ಆರಿಸುವಾಗ ಇದನ್ನೇ ನೋಡಿ: ಬೌಲಿಂಗ್, ಗಾಲ್ಫ್, ಬಿಲ್ಲು ಸರಿ. ಕತ್ತಿವರಸೆ, ಕುಸ್ತಿ, ಕಾರು ಓಡಿಸುವುದು ಬೇಡ.

ಗೈರೋ_ಭಾವ (ಶಿರಸಿ)

ಬೌಲಿಂಗ್ ಒಪ್ಪಿದೆ. ಸಂಘದಲ್ಲಿ ಒಂದು ಕಂಪ್ಯೂಟರ್ ಇದ್ರೆ ಗೈರೋ ಇರೋ ಪ್ಯಾಡ್ ತಗೊಳ್ಳಿ ಅಂತ ಮಾತ್ರ ಹೇಳ್ತೆ. ಡ್ಯುಯಲ್‌ಶಾಕ್ 4, ಡ್ಯುಯಲ್‌ಸೆನ್ಸ್, ಸ್ವಿಚ್ ಪ್ರೋ ಇವಕ್ಕೆಲ್ಲ ಇದೆ. ಎಕ್ಸ್‌ಬಾಕ್ಸ್ ಪ್ಯಾಡಿಗೆ ಇಲ್ಲ. ಸ್ಟೀಮ್ ಅನ್ನೋ, ಕಂಪ್ಯೂಟರಿನಲ್ಲಿ ಆಟ ಕೊಂಡು ಆಡೋ ತಂತ್ರಾಂಶದ ಕಂಟ್ರೋಲರ್ ಸೆಟ್ಟಿಂಗಿನಲ್ಲಿ ಗೈರೋವನ್ನು ಮೌಸಿಗೆ ಜೋಡಿಸಿ, ಜಾಯ್‌ಸ್ಟಿಕ್ಕಿಗೆ ಅಲ್ಲ. ಜಾಯ್‌ಸ್ಟಿಕ್ಕಿಗೆ ಜೋಡಿಸಿದ್ರೆ ಆಟದ ಡೆಡ್‌ಝೋನ್ ಸಣ್ಣ ಚಲನೆಯನ್ನೆಲ್ಲ ನುಂಗ್ತದೆ. ಗೈರೋ ಬಂದ್ ಮಾಡೋ ಒಂದು ಗುಂಡಿ ಇಟ್ಟುಕೊಳ್ಳಿ. ಮಣಿಕಟ್ಟು ಕೊನೆಗೆ ತಾಗಿದಾಗ ಅದನ್ನೊತ್ತಿ ಕೈ ಸರಿಮಾಡಿ ಬಿಡೂದು, ಮೌಸನ್ನು ಎತ್ತಿ ಇಟ್ಟ ಹಾಗೆ.

ಕ್ಯಾಲಿಬ್ರೇಟ್ ಮಾಡುವಾಗ ಪ್ಯಾಡು ಅಲುಗಾಡದ ಮೇಜಿನ ಮೇಲಿರಲಿ. ಫ್ರಿಜ್ ಮೇಲೆ ಇಟ್ಟು ಮಾಡಿದ್ರೆ ಕಂಪ್ರೆಸರಿನ ನಡುಕವನ್ನೂ ಸೊನ್ನೆ ಅಂತ ಬರ್ಕೊಳ್ತದೆ, ಆಮೇಲೆ ಗುರಿ ತಾನಾಗೇ ಜಾರ್ತಾ ಇರ್ತದೆ.

ಫೋನಿನಲ್ಲಿ ಆಡುವವರಿಗೆ: ಅಗ್ಗದ ಫೋನುಗಳಲ್ಲಿ ಎಷ್ಟೋ ಸಲ ನಿಜವಾದ ಗೈರೋ ಇರೂದಿಲ್ಲ, ದಿಕ್ಸೂಚಿ ಮತ್ತು ವೇಗೋತ್ಕರ್ಷ ಮಾಪಕ ಸೇರಿಸಿ ಗೈರೋ ಥರ ನಟನೆ ಮಾಡಿಸ್ತಾರೆ. ಪರೀಕ್ಷೆ ಸುಲಭ. ಫೋನನ್ನು ಮೇಜಿನ ಮೇಲೆ ಮಲಗಿಸಿ ಗೈರೋ ಆನ್ ಇಟ್ಟು ಆಟ ತೆರೆಯಿರಿ. ಫೋನ್ ಮುಟ್ಟದೆ, ಹಳೆ ಸ್ಪೀಕರಿನ ಅಯಸ್ಕಾಂತವನ್ನು ಒಂದು ಗೇಣು ದೂರದಲ್ಲಿ ಆಡಿಸಿ. ನೋಟ ತಿರುಗಿದ್ರೆ ಅದು ನಟನೆ. ಅಂಥಾ ಫೋನಿನಲ್ಲಿ ಸೆನ್ಸಿಟಿವಿಟಿ ಎಷ್ಟು ತಿದ್ದಿದ್ರೂ ಪ್ರಯೋಜನ ಇಲ್ಲ.

ಮಂಡಿ_ಕುಣಿತ (ಹೊನ್ನಾವರ)

ನಡುವೆ ಒಂದು ಪ್ರಶ್ನೆ. ಕಿನೆಕ್ಟ್ ಇದ್ದರೆ ಯಕ್ಷಗಾನದ ಹೆಜ್ಜೆ ಕಲಿಸುವ ಆಟ ಮಾಡಬಹುದೇ? ತಾಳಕ್ಕೆ ಸರಿಯಾಗಿ ಹೆಜ್ಜೆ ಬಿತ್ತೋ ಇಲ್ಲವೋ ಎಂದು ಅಂಕ ಕೊಡುವಂಥದ್ದು.

ಬೈತಖೋಲ್ (ಕಾರವಾರ)

ಹೆಜ್ಜೆಯ ಹೊತ್ತು ಹಿಡಿಯಬಹುದು, ಚೆಂದ ಹಿಡಿಯಲಾಗದು. ಮೊದಲ ಕಿನೆಕ್ಟ್ ದೇಹದ 20 ಸಂಧಿ ಗುರುತಿಸುತ್ತದೆ, 2013ರ ಎರಡನೆಯ ಕಿನೆಕ್ಟ್ 25. ಬೆರಳಿನ ಮುದ್ರೆ, ಕಣ್ಣಿನ ಚಲನೆ ಲೆಕ್ಕಕ್ಕಿಲ್ಲ. ಆಟಗಾರ ಎದುರಿಗೇ ಮುಖ ಮಾಡಿದ್ದಾನೆ ಎಂದು ಅದು ನಂಬಿಕೊಂಡಿರುತ್ತದೆ. ಬೆನ್ನು ತಿರುಗಿಸಿದರೆ ಎಡಗೈ ಬಲಗೈಯಾಗುತ್ತದೆ. ಬಡಗುತಿಟ್ಟಿನ ಮಂಡಿ ಹಾಕಿದಿರೋ, ಮೊಣಕಾಲು ಮಡಚಿ ಸುತ್ತುವಾಗ ಒಂದು ಕಾಲು ಇನ್ನೊಂದನ್ನು ಮರೆಮಾಡಿ ಅಸ್ಥಿಪಂಜರ ಗಂಟು ಬೀಳುತ್ತದೆ. ವೇಷ ಕಟ್ಟಿ ನಿಂತರಂತೂ ಭುಜಕೀರ್ತಿ, ಕಿರೀಟ, ಕಸೆಸೀರೆ ಸೇರಿ ಮನುಷ್ಯನ ಆಕಾರವೇ ಅದಕ್ಕೆ ಸಿಗದು. ಅದು ಕಲಿತಿರುವುದು ಬರಿ ದೇಹದ ಆಳಚಿತ್ರಗಳಿಂದ.

ಮಕ್ಕಳು ಚಡ್ಡಿ-ಅಂಗಿಯಲ್ಲಿ, ಎದುರು ಮುಖ ಮಾಡಿ, ನಿಂತಲ್ಲೇ ಹಾಕುವ ಮೊದಲ ಪಾಠದ ಹೆಜ್ಜೆಗೆ ಸಾಕು. ಸೆಕೆಂಡಿಗೆ 30 ಫ್ರೇಮ್ ಎಂದರೆ ಹೆಜ್ಜೆಯ ಹೊತ್ತು 33 ಮಿಲಿಸೆಕೆಂಡಿನಷ್ಟು ಅತ್ತಿತ್ತ. ದ್ರುತದಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಕ್ಯಾಮರಾ ಬಿಟ್ಟು ಗೆಜ್ಜೆ ಕಟ್ಟುವ ಜಾಗಕ್ಕೇ ಒಂದು ಸೆನ್ಸರ್ ಕಟ್ಟುವುದು ಇದಕ್ಕಿಂತ ಒಳ್ಳೆಯದು.

ಸೋಂದೆ_ಸೋಲ್ಡರ್ (ಶಿರಸಿ)

ಅದನ್ನು ಮಾಡೋ ಬಗೆ: ಇಎಸ್‌ಪಿ32 ಅನ್ನೋ ಸಣ್ಣ ಕಂಪ್ಯೂಟರ್ ಬೋರ್ಡ್ ಒಂದು, ಎಂಪಿಯು-6050 ಚಿಪ್ (ಗೈರೋ, ವೇಗೋತ್ಕರ್ಷ ಮಾಪಕ ಎರಡೂ ಸೇರಿದ್ದು) ಇರೋ ಜಿವೈ-521 ಮಾಡ್ಯೂಲ್ ಒಂದು. ನಾಲ್ಕೇ ವಯರ್: 3.3 ವೋಲ್ಟ್, ಗ್ರೌಂಡ್, ಎಸ್‌ಡಿಎ 21ನೇ ಪಿನ್ನಿಗೆ, ಎಸ್‌ಸಿಎಲ್ 22ನೇ ಪಿನ್ನಿಗೆ. ಚಿಪ್ಪಿನ ವಿಳಾಸ ಹೆಕ್ಸ್ 68. ಆನ್ ಮಾಡಿದಾಗ ಚಿಪ್ ನಿದ್ದೆಯಲ್ಲೇ ಇರ್ತದೆ, ಹೆಕ್ಸ್ 6ಬಿ ರಿಜಿಸ್ಟರಿಗೆ (ಚಿಪ್ಪಿನೊಳಗಿನ ಸೆಟ್ಟಿಂಗ್ ಖಾನೆ) ಸೊನ್ನೆ ಬರೆದು ಎಬ್ಬಿಸ್ಬೇಕು. ಎಲ್ಲಾ ಓದೂ ಸೊನ್ನೆ ಬರ್ತಿದ್ರೆ ಇದನ್ನು ಮರೆತಿದ್ದೀರಿ ಅಂತ ಅರ್ಥ.

ಫಿಲ್ಟರಿನಲ್ಲಿ ಹೆಚ್ಚಿನವರು ಕೆಡಿಸ್ತಾರೆ. ಹೆಕ್ಸ್ 1ಎ ರಿಜಿಸ್ಟರಿನಲ್ಲಿ 6 ಬರೆದ್ರೆ ಗೆರೆ ನುಣುಪಾಗಿ ಕಾಣ್ತದೆ ಅಂತ ಹಾಕ್ತಾರೆ, ಆದ್ರೆ ಅದು 5 ಹರ್ಟ್ಸ್ ಸೋಸು, ಅದೊಂದರಿಂದಲೇ 19 ಮಿಲಿಸೆಕೆಂಡ್ ತಡ. 3 ಬರೀರಿ: ಸುಮಾರು 44 ಹರ್ಟ್ಸ್, ತಡ 5 ಮಿಲಿಸೆಕೆಂಡಿನೊಳಗೆ. ಕಾಲು ನೆಲಕ್ಕೆ ಹೊಡೆಯೂದು ಹಿಡೀಲಿಕ್ಕೆ ಮಾಪಕವನ್ನು ±8 ಜಿ ಅಥವಾ ±16 ಜಿಗೆ ಇಡಿ, ತಾನಾಗಿ ಇರೂ ±2 ಜಿ ಮೊದಲ ಹೆಜ್ಜೆಗೇ ತುಂಬಿಹೋಗ್ತದೆ. ಗೈರೋವನ್ನು ±1000ಕ್ಕೆ ಇಟ್ರೆ ಓದನ್ನು 32.8ರಿಂದ ಭಾಗಿಸಿ, ಸೆಕೆಂಡಿಗೆ ಎಷ್ಟು ಡಿಗ್ರಿ ಅಂತ ಸಿಗ್ತದೆ. ಆನ್ ಮಾಡಿದ ಕೂಡಲೇ ಸೊನ್ನೆ ಹಿಡೀಬೇಡಿ, ಚಿಪ್ ಬೆಚ್ಚಗಾಗಲಿಕ್ಕೆ ಒಂದೆರಡು ನಿಮಿಷ ಕೊಟ್ಟು ಆಮೇಲೆ ಅಲುಗಾಡದೆ 500 ಓದಿನ ಸರಾಸರಿ ತೆಗೆದು ಕಳೀರಿ.

ಕಾಲಿಗೆ ಕಟ್ಟೋ ಪಟ್ಟಿ ಸಡಿಲ ಇದ್ರೆ ಹೆಜ್ಜೆ ಒಂದಕ್ಕೆ ಎರಡು ಹೊಡೆತ ದಾಖಲಾಗ್ತದೆ. ಮೊದಲ ಹೊಡೆತದ ನಂತರ 80 ಮಿಲಿಸೆಕೆಂಡ್ ಕಿವುಡಾಗಿರು ಅಂತ ಕೋಡಿನಲ್ಲಿ ಬರೆದ್ರೆ ಸರಿ.

ಶರಾವತಿ_ಫಿಸಿಯೋ (ಹೊನ್ನಾವರ)

ಬ್ಯಾಲೆನ್ಸ್ ಬೋರ್ಡನ್ನು ಯಾರೂ ಮಾತಾಡಿಸಲಿಲ್ಲ. ಆ ಪೆಟ್ಟಿಗೆಯಲ್ಲಿ ನಿಜವಾಗಿ ಅಳತೆಯ ಸಾಮಾನು ಅದೇ. ನಾಲ್ಕು ಮೂಲೆಗೆ ನಾಲ್ಕು ತೂಕದ ಸೆನ್ಸರ್; ಬಲಗಡೆಯ ಎರಡರ ಮೊತ್ತದಿಂದ ಎಡಗಡೆಯ ಎರಡರ ಮೊತ್ತ ಕಳೆದು ಒಟ್ಟು ತೂಕದಿಂದ ಭಾಗಿಸಿದರೆ ಭಾರ ಯಾವ ಕಡೆ ಎಷ್ಟು ವಾಲಿದೆ ಎಂದು ಬರುತ್ತದೆ. ಸಂಕಲನವಿಲ್ಲ, ಜಾರುವುದಿಲ್ಲ.

ಹಿರಿಯರು ಬಳಸುವುದಾದರೆ ಗಾರೆ ನೆಲದ ಮೇಲೆ ನೇರ ಇಡಬೇಡಿ. ನೆಲ ಸಮ ಇಲ್ಲದಿದ್ದರೆ ಒಂದು ಕಾಲು ತೂಗಿ ಅಳತೆ ತಪ್ಪುತ್ತದೆ. 18 ಮಿ.ಮೀ ಪ್ಲೈವುಡ್ ಹಾಕಿ, ಕೆಳಗೆ ರಬ್ಬರ್ ಶೀಟ್. ಬರಿಗಾಲಲ್ಲಿ ನಿಲ್ಲಲಿ, ಕಾಲುಚೀಲ ಬೇಡ. ಎರಡೂ ಬದಿಗೆ ತೋಳಿಲ್ಲದ ಗಟ್ಟಿ ಕುರ್ಚಿ, ಬೆನ್ನು ಒಳಮುಖವಾಗಿ, ಹಿಡಿಯಲಿಕ್ಕೆ. ಪ್ಲಾಸ್ಟಿಕ್ ಕುರ್ಚಿ ಭಾರ ಬಿದ್ದರೆ ಮಗುಚುತ್ತದೆ. ಬೋರ್ಡಿನ ಮಿತಿ 150 ಕೆ.ಜಿ. ಆನ್ ಮಾಡುವಾಗ ಅದರ ಮೇಲೆ ಯಾರೂ ನಿಂತಿರಬಾರದು, ಆಗಲೇ ಅದು ಸೊನ್ನೆ ಹಿಡಿಯುವುದು.

ಆದರೆ ಅಂಕ ಹೆಚ್ಚಾದ ಮಾತ್ರಕ್ಕೆ ನಡಿಗೆ ಸುಧಾರಿಸಿತು ಎಂದುಕೊಳ್ಳಬಾರದು. ಭಾರ ಎತ್ತ ಸರಿಯಿತು ಎಂಬುದು ಬೋರ್ಡಿಗೆ ಗೊತ್ತು. ಸೊಂಟ ಬಗ್ಗಿಸಿ ಸರಿಸಿದರೋ ಕಣಕಾಲಿನಿಂದಲೋ ಎಂಬುದು ಗೊತ್ತಿಲ್ಲ. ಪಾರ್ಶ್ವವಾಯು ಆದವರು ಸರಿಯಿರುವ ಕಾಲಿನಿಂದಲೇ ಇಡೀ ಆಟ ಗೆದ್ದುಬಿಡುತ್ತಾರೆ. ಪಕ್ಕದಲ್ಲಿ ನೋಡುವವರೊಬ್ಬರು ಬೇಕೇ ಬೇಕು.

ಅಘನಾಶಿನಿ (ಕುಮಟಾ)

ಎಲ್ಲರಿಗೂ ಧನ್ಯವಾದ. ಹಾಗಾದ್ರೆ ವೀ ಮತ್ತು ಬೋರ್ಡ್ ಇಟ್ಟುಕೊಂಡು ಕಿನೆಕ್ಟನ್ನು ಯಕ್ಷಗಾನ ಕಲಿಯುವ ಮಕ್ಕಳಿಗೆ ಪ್ರಯೋಗಕ್ಕೆ ಬಿಡ್ತೇವೆ. ಕೊನೆಯ ಎರಡು ಪ್ರಶ್ನೆ: ರಿಮೋಟಿನ ಬ್ಯಾಟರಿ ಜಾಗದಲ್ಲಿ ಹಸಿರು-ಬಿಳಿ ಹುಡಿ ಕೂತಿದೆ. ಮತ್ತೆ ಒಂದು ರಿಮೋಟಿಗೆ ಕೈಗೆ ಹಾಕೋ ದಾರವೇ ಇಲ್ಲ.

ಬೈತಖೋಲ್ (ಕಾರವಾರ)

ಹುಡಿ ಸೋರಿದ ಅಲ್ಕಲೈನ್ ಸೆಲ್ಲಿನದ್ದು. ಕೈಗೆ ಗವಸು ಹಾಕಿ, ಕಿವಿಕಡ್ಡಿಗೆ ಎರಡು ಹನಿ ವಿನೆಗರ್ ಅಥವಾ ಲಿಂಬೆರಸ ಮುಟ್ಟಿಸಿ ಒರೆಸಿ. ನೊರೆ ನಿಂತ ಮೇಲೆ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಮತ್ತೊಮ್ಮೆ ಒರೆಸಿ ಪೂರ್ತಿ ಒಣಗಿಸಿ. ಆಮ್ಲ ಉಳಿದರೆ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ, ನಮ್ಮ ಉಪ್ಪುಗಾಳಿಗೆ ಕೇಳುವುದೇ ಬೇಡ. ಮುಂದೆ ರೀಚಾರ್ಜ್ ಆಗುವ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ ಹಾಕಿ, 1.2 ವೋಲ್ಟ್ ಆದ್ದರಿಂದ ಚಾರ್ಜ್ ಕಡಿಮೆ ಎಂದು ತೋರಿಸಬಹುದು, ಕೆಲಸಕ್ಕೆ ತೊಂದರೆಯಿಲ್ಲ. ಆಟ ಮುಗಿದ ಮೇಲೆ ಸೆಲ್ ಹೊರಗೆ ತೆಗೆದು, ರಿಮೋಟನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಕಿನೆಕ್ಟಿನ ಲೆನ್ಸಿಗೂ ಬೂಸಲು ಹಿಡಿಯುತ್ತದೆ, ಅದನ್ನೂ.

ದಾರ ಇಲ್ಲದೆ ಒಬ್ಬರ ಕೈಗೂ ಕೊಡಬೇಡಿ. ಮೊದಲ ವೀಗಳ ದಾರ 0.6 ಮಿ.ಮೀ ಇತ್ತು, ಕಿತ್ತು ಹೋಗುತ್ತದೆಂದು 2006ರ ಡಿಸೆಂಬರಿನಲ್ಲೇ 1 ಮಿ.ಮೀಗೆ ಬದಲಿಸಿದರು. ಬಂದರಿನ ಹತ್ತಿರ ಬಲೆ ಸಾಮಾನಿನ ಅಂಗಡಿಯಲ್ಲಿ ಹೆಣೆದ ನೈಲಾನ್ ದಾರ 1.5 ಮಿ.ಮೀದ್ದು ಕೇಳಿ, ಒಂದು ಮೀಟರ್ ಸಾಕು. ಗಾಳದ ಒಂಟಿ ಎಳೆ ಬೇಡ, ಅದರ ಗಂಟು ಜಾರುತ್ತದೆ, ಮಣಿಕಟ್ಟನ್ನೂ ಕೊಯ್ಯುತ್ತದೆ. ಗಂಟು ಹಾಕಿ ತುದಿಯನ್ನು ಬೆಂಕಿಕಡ್ಡಿಗೆ ಹಿಡಿದು ಕರಗಿಸಿ, ಜೋರಾಗಿ ಹತ್ತು ಸಲ ಎಳೆದು ನೋಡಿ ಕೊಡಿ.